ಸುದ್ದಿ ಹಬ್ಬಿಸುವ ಕಿಣ್ವ, ಸುದ್ದಿ ಅಳಿಸುವ ಕಿಣ್ವ

ಪ್ರತಿಕಾಯಗಳು ಸಿದ್ಧವಾಗಲು ಹಲವು ದಿನಗಳು ಬೇಕು. ಅಲ್ಲಿಯವರೆಗೆ ಸೋಂಕನ್ನು ತಡೆದು ನಿಲ್ಲಿಸುವ ಹೊಣೆ ಹುಟ್ಟಿನಿಂದಲೇ ಬಂದ ರೋಗನಿರೋಧಕ ವ್ಯವಸ್ಥೆಯದು. ಅದರ ಜೀವಕೋಶಗಳೊಳಗೆ ಅಪಾಯದ ಸುದ್ದಿ ಹೇಗೆ ಹಬ್ಬುತ್ತದೆ ಎಂದು ಓದತೊಡಗಿದ ಮೇಲೆ ನನ್ನ ಗಮನವೆಲ್ಲ ಕಿಣ್ವಗಳ ಮೇಲೆ ನೆಟ್ಟಿದೆ.

ಅವುಗಳಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಸಿಗ್ಯಾಸ್. ಇದನ್ನು ಅಮೆರಿಕದ ಡಲ್ಲಾಸ್‌ನಲ್ಲಿ ಪತ್ತೆಹಚ್ಚಿದ ವಿಜ್ಞಾನಿ ಜಿಜಿಯಾನ್ ಚೆನ್ ಅವರಿಗೆ 2024ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ದೊರೆಯಿತು. ಅಪಾಯವನ್ನು ಗುರುತಿಸುವ ಗ್ರಾಹಕ ಸಾಮಾನ್ಯವಾಗಿ ಬೇರೆ, ಮುಂದಿನ ಕೆಲಸ ನಡೆಸುವ ಕಿಣ್ವ ಬೇರೆ. ಸಿಗ್ಯಾಸ್ ಎರಡೂ ತಾನೇ ಆಗಿದೆ. ಕೋಶಕೇಂದ್ರದ ಹೊರಗಿನ ಕೋಶದ್ರವ್ಯದಲ್ಲಿ ಎರಡೆಳೆಯ ಡಿಎನ್‌ಎ ಎದುರಾದರೆ ಅದಕ್ಕೆ ಅಂಟಿಕೊಂಡು ತನ್ನ ಆಕಾರ ಬದಲಿಸುತ್ತದೆ. ಎಟಿಪಿ ಮತ್ತು ಜಿಟಿಪಿ ಎಂಬ ಅಣುಗಳನ್ನು ಬೆಸೆದು ಸಿಗ್ಯಾಂಪ್ ಎಂಬ ಪುಟ್ಟ ಅಣುವನ್ನು ತಯಾರಿಸುತ್ತದೆ. ಒಂದೇ ಕಿಣ್ವ ಇದನ್ನು ಮತ್ತೆ ಮತ್ತೆ ಮಾಡಬಲ್ಲದಾದ್ದರಿಂದ ಸಣ್ಣ ಸುಳಿವೂ ದೊಡ್ಡ ಕರೆಯಾಗಿ ಬೆಳೆಯುತ್ತದೆ. ಸಿಗ್ಯಾಂಪ್ ಸ್ಟಿಂಗ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಅಲ್ಲಿಗೆ ಬಂದು ಸೇರುವ ಟಿಬಿಕೆ-1 ಎಂಬ ಕೈನೇಸ್ (ಎಂದರೆ ಫಾಸ್ಫೇಟ್ ಜೋಡಿಸುವ) ಕಿಣ್ವ ಐಆರ್‌ಎಫ್-3 ಎಂಬ ಪ್ರೋಟೀನಿಗೆ ಫಾಸ್ಫೇಟ್ ಜೋಡಿಸುತ್ತದೆ. ಹೀಗೆ ಸಜ್ಜಾದ ಐಆರ್‌ಎಫ್-3 ಕೋಶಕೇಂದ್ರವನ್ನು ಹೊಕ್ಕು, ವೈರಸ್ ವಿರುದ್ಧ ಎಚ್ಚರಿಸುವ ಪ್ರೋಟೀನ್ ಆದ ಇಂಟರ್‌ಫೆರಾನ್ ತಯಾರಿಗೆ ಚಾಲನೆ ಕೊಡುತ್ತದೆ. ಸಿಗ್ಯಾಂಪ್ ಪಕ್ಕದ ಕೋಶಗಳಿಗೂ ದಾಟಿ, ಸೋಂಕು ತಗಲುವ ಮೊದಲೇ ಅವನ್ನು ಎಚ್ಚರಿಸಬಲ್ಲದು.

ಆದರೆ ಸಿಗ್ಯಾಸ್ ಡಿಎನ್‌ಎಯ ಅಕ್ಷರಗಳನ್ನು ಓದುವುದಿಲ್ಲ. ವೈರಸ್ಸಿನದೋ ನಮ್ಮದೇ ಕೋಶದ್ದೋ ಎಂಬ ಭೇದ ಅದಕ್ಕೆ ಆ ಬರಹದಿಂದ ತಿಳಿಯದು. ಆದ್ದರಿಂದಲೇ ಕೋಶದ್ರವ್ಯಕ್ಕೆ ಜಾರಿಬಂದ ಸ್ವಂತ ಡಿಎನ್‌ಎಯನ್ನು ಕತ್ತರಿಸಿಹಾಕುವ ಟ್ರೆಕ್ಸ್-1 ಎಂಬ ಇನ್ನೊಂದು ಕಿಣ್ವ ಅಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಕೊರಗು. ಟ್ರೆಕ್ಸ್-1ರ ಜೀನ್ ಕೆಟ್ಟಿರುವ ಶಿಶುಗಳಲ್ಲಿ ಐಕಾರ್ಡಿ-ಗೂಟಿಯೇರ್ ಎಂಬ ಕಾಯಿಲೆ ಕಾಣಿಸಿಕೊಳ್ಳಬಹುದೆಂದು 2006ರಲ್ಲಿ ತಿಳಿದುಬಂತು. ಗರ್ಭದಲ್ಲಿಯೇ ವೈರಸ್ ತಗಲಿದ ಮಗುವಿನಂತೆ ಮಿದುಳು ಹಾನಿಗೊಳಗಾಗಿರುತ್ತದೆ, ಇಂಟರ್‌ಫೆರಾನ್ ಏರಿರುತ್ತದೆ. ವೈರಸ್ ಮಾತ್ರ ಎಲ್ಲಿಯೂ ಇರುವುದಿಲ್ಲ. ಟ್ರೆಕ್ಸ್-1 ಇಲ್ಲದ ಇಲಿಗಳು ತೀವ್ರ ಉರಿಯೂತದಿಂದ ಸಾಯುತ್ತವೆ. ಅವುಗಳಲ್ಲಿ ಸಿಗ್ಯಾಸ್ ಜೀನನ್ನೂ ತೆಗೆದರೆ ಬದುಕುಳಿಯುತ್ತವೆ. ಒಂದು ಕಿಣ್ವ ಮತ್ತೊಂದರ ಮೇಲೆ ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಟೋಲ್ ಗ್ರಾಹಕಗಳ ದಾರಿಯಲ್ಲಿಯೂ ಇದೇ ಕಥೆ. ಅಲ್ಲಿ ಐರ್ಯಾಕ್-4 ಎಂಬ ಕೈನೇಸ್ ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತದೆ. ಅದಿಲ್ಲದ ಮಕ್ಕಳಿಗೆ ಕೀವುಗಟ್ಟಿಸುವ ಬ್ಯಾಕ್ಟೀರಿಯಾಗಳ ಸೋಂಕು ಪದೇಪದೇ ತಗಲುತ್ತದೆ, ಸೋಂಕು ತೀವ್ರವಾಗಿದ್ದರೂ ಜ್ವರ ತಡವಾಗಿ ಬರಬಹುದು. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿಗಳನ್ನು ಮಾರ್ಪಡಿಸಿ ಸಂಕೇತವನ್ನು ತಣಿಸುವ ಎ-20 ಎಂಬ ಕಿಣ್ವ ಸಾಕಷ್ಟಿಲ್ಲದವರಲ್ಲಿ ಉರಿಯೂತ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ.

ಈ ತಿಳಿವಳಿಕೆ ಈಗ ಚಿಕಿತ್ಸೆಯ ದಾರಿ ಹಿಡಿದಿದೆ. ಇಂಟರ್‌ಫೆರಾನ್‌ನ ಸಂಕೇತವನ್ನು ಕೋಶದೊಳಕ್ಕೆ ಒಯ್ಯುವುದು ಜ್ಯಾಕ್ ಎಂಬ ಕೈನೇಸ್‌ಗಳು. ಅವನ್ನು ತಡೆಯುವ ಬ್ಯಾರಿಸಿಟಿನಿಬ್ ಔಷಧವನ್ನು ಐಕಾರ್ಡಿ-ಗೂಟಿಯೇರ್ ಇರುವ ಮಕ್ಕಳಿಗೆ ಕೊಟ್ಟಾಗ, ಅವರಲ್ಲಿ ಕೆಲವರು ಹೊಸ ಚಲನೆಗಳನ್ನು, ಹೊಸ ಮಾತುಗಳನ್ನು ಕಲಿತರು.