ಗಟ್ಟಿ ಕ್ಲಚ್ ಹಾಕಿ ಗೇರ್ ಮುರಿದ ಕಥೆ

ಕಲಬುರಗಿಯ ಹುಮನಾಬಾದ್ ರಸ್ತೆ ಕಡೆ ನಮ್ಮದೊಂದು ಸಣ್ಣ ಗ್ಯಾರೇಜ್. ದಿನದ ಕೆಲಸ ಅಂದರೆ ಪಿಕಪ್‌ಗಳ ಕ್ಲಚ್, ಜೀಪುಗಳ ಕ್ರೌನ್-ಪಿನಿಯನ್. ತೊಗರಿ ರಾಶಿ ಮುಗಿಯೋ ಹೊತ್ತಿಗೆ ಓವರ್‌ಲೋಡ್ ಹೊತ್ತು ಸೊಂಟ ಮುರಿದುಕೊಂಡ ಗಾಡಿಗಳ ಸಾಲು. ರೇಸಿನ ಗಾಡಿ ನಮ್ಮ ಕಡೆ ಬರುವುದು ಕಮ್ಮಿ. ಬಂದಾಗ ಉಮೇದು ಜಾಸ್ತಿ ಆಗುತ್ತದೆ. ಆ ಉಮೇದಿನಲ್ಲೇ ಈ ತಪ್ಪು ಆಯಿತು.

ಆಳಂದ ಕಡೆಯ ಒಬ್ಬ ಹುಡುಗ ತನ್ನ ಡೀಸೆಲ್ ಎಸ್‌ಯುವಿ ತಂದ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ. ಕಂಪನಿ ಹೆಸರು ಬೇಡ, ಇದರಲ್ಲಿ ಅವರ ತಪ್ಪೇನೂ ಇಲ್ಲ. ಮೂಲದಲ್ಲಿ 140 ಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಇವನು ಹೊರಗೆ ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸಿಸಿ, 180 ಎಚ್‌ಪಿ, 400 ನ್ಯೂಟನ್ ಮೀಟರ್ ಮಾಡಿಕೊಂಡಿದ್ದ.

"ಉಸ್ತಾದ್, ನಾಲ್ಕನೇ ಗೇರಿನ್ಯಾಗ ಪೂರಾ ಒತ್ತಿದ್ರ ಆರ್‌ಪಿಎಂ ಏರ್ತದ, ಗಾಡಿ ಓಡಲ್ಲ" ಅಂದ.

ಎಂಜಿನ್ ಬಲವನ್ನು ಗೇರಿಗೆ ದಾಟಿಸುವ ಕ್ಲಚ್ ಜಾರುತ್ತಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. ಹಾಗಾದರೆ ಇನ್ನೆಂದೂ ಜಾರದ ಕ್ಲಚ್ ಹಾಕೋಣ ಎಂದುಕೊಂಡೆ. ಆರು ಲೋಹದ ಬಿಲ್ಲೆಗಳಿರುವ, ಮಧ್ಯೆ ಹೊಡೆತ ನುಂಗುವ ಸ್ಪ್ರಿಂಗ್ ಇಲ್ಲದ ಕ್ಲಚ್ ಪ್ಲೇಟ್ ತರಿಸಿದೆ. ಎಂಜಿನ್ ತುದಿಯ ಭಾರದ ಚಕ್ರ, ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್, ಅದನ್ನು ತೆಗೆದು ಒಂದೇ ತುಂಡಿನದು ಕೂರಿಸಿದೆ. ಗಾಡಿ ಕಚ್ಚಿ ಹಿಡಿದು ಓಡಿತು. ಹುಡುಗ ಖುಷಿ, ನಾನೂ ಖುಷಿ.

ಮೂರು ವಾರ ಕಳೆದು ಗಾಡಿ ಟೋ ಮಾಡಿಕೊಂಡು ಬಂತು. ಊರ ಹೊರಗಿನ ಖಾಲಿ ಲೇಔಟಿನಲ್ಲಿ ಗೆಳೆಯರಿಗೆ ತೋರಿಸಲು 3500 ಆರ್‌ಪಿಎಂ ಇಟ್ಟು ಕ್ಲಚ್ ಥಟ್ಟಂತ ಬಿಟ್ಟಿದ್ದನಂತೆ. ಒಣಗಿದ ಸಿಮೆಂಟ್ ರಸ್ತೆ. ಒಂದು ಸಲ "ಟಕ್" ಅಂತು, ಆಮೇಲೆ ಬರೀ ಕಟಕಟ.

ಇಂಥ ಗಾಡಿಯಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಗೇರ್‌ಬಾಕ್ಸ್ ಪಕ್ಕ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರೊಳಗಿನ ಬೆವೆಲ್ ಗೇರ್ (ಓರೆಯಾಗಿ ಕೂರುವ ಹಲ್ಲಿನ ಜೋಡಿ) ಬಲದ ದಿಕ್ಕು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟಿಗೆ ಕೊಡುತ್ತದೆ. ಶಾಫ್ಟ್ ಹಿಂದಕ್ಕೆ ಹೋಗಿ ಪ್ಲೇಟುಗಳಿರುವ ಹಾಲ್ಡೆಕ್ಸ್ ಕಪ್ಲಿಂಗಿಗೆ ಸೇರುತ್ತದೆ. ಹಿಂದಿನ ಚಕ್ರಕ್ಕೆ ಎಷ್ಟು ಬಲ ಬಿಡಬೇಕು ಅನ್ನುವುದು ಅದರ ಕೈಯಲ್ಲಿ. ಮುರಿದದ್ದು ಆ ಡಬ್ಬಿಯ ಎರಡು ಹಲ್ಲು. ಎಣ್ಣೆ ಇಳಿಸಿದಾಗ ತಟ್ಟೆಗೆ ಮೊದಲು ಬಿದ್ದದ್ದೇ ಒಂದು ಹಲ್ಲು.

ನನಗೆ ಮೊದಲು ಬಂದ ಯೋಚನೆ, ಗೇರಿನ ಮಾಲು ಸರಿ ಇಲ್ಲ. ಲೇಥ್‌ನವನೂ "ಇಎನ್ 24ರಾಗ ಹೊಸಾದು ಕಡದ ಕೊಡ್ತೀನ್ರಿ" ಎಂದು ತಯಾರಾದ. ಶಾಫ್ಟಿಗೆ ಇಎನ್ 24 ಒಳ್ಳೆಯ ಉಕ್ಕು. ಗೇರ್ ಹಲ್ಲಿನ ವಿಷಯ ಬೇರೆ. ಮೇಲ್ಮೈ ಗಾಜಿನಷ್ಟು ಗಡಸು, ಒಳಗೆ ಸ್ವಲ್ಪ ಬಾಗುವ ಗುಣ, ಎರಡೂ ಬೇಕು. ಅದಕ್ಕೆ ಇಎನ್ 36 ಥರದ ಉಕ್ಕು ತಂದು ಕಾರ್ಬನ್ ಕುಡಿಸಿ ಗಡಸು ಮಾಡುತ್ತಾರೆ. ಮೇಲಾಗಿ ಬೆವೆಲ್ ಗೇರ್ ಜೋಡಿಯಾಗಿ ಹುಟ್ಟುತ್ತದೆ. ಒಂದನ್ನೇ ಬದಲಿಸಿದರೆ ಮದುವೆ ಒಂದು ಕಡೆ, ಸಂಸಾರ ಇನ್ನೊಂದು ಕಡೆ ಆದ ಹಾಗೆ.

ನಮ್ಮ ದೊಡ್ಡ ಉಸ್ತಾದ್ ಈಗ ಕೆಲಸ ಬಿಟ್ಟಿದ್ದಾರೆ, ಸಂಜೆ ಚಹಾಕ್ಕೆ ಬರುತ್ತಾರೆ. ಹಲ್ಲನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದರು. ಮುರಿದ ಮುಖ ಪೂರ್ತಿ ಹರಳು ಹರಳು, ಬೆಲ್ಲದ ಅಚ್ಚು ಒಡೆದ ಹಾಗೆ. ದಿನಾ ಸ್ವಲ್ಪ ಸ್ವಲ್ಪ ಬಿರುಕು ಬಿಟ್ಟು ಮುರಿದಿದ್ದರೆ ಒಂದು ಭಾಗ ನುಣ್ಣಗಾಗಿ, ಮರದ ದಿಮ್ಮಿಯ ಉಂಗುರದಂತೆ ಗೆರೆ ಕಾಣುತ್ತಿತ್ತು. ಇದರಲ್ಲಿ ಒಂದು ಗೆರೆಯೂ ಇರಲಿಲ್ಲ.

"ಇದು ಸವದು ಮುರದಿಲ್ಲ. ಹೊಡ್ತಕ್ಕ ಮುರದದ. ನೀ ಹಾಕಿದ ಕ್ಲಚ್ಚೇ ಹೊಡದದ ನೋಡು" ಅಂದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೊದಲನೇ ಗೇರು, ಡಿಫರೆನ್ಷಿಯಲ್ ಎರಡೂ ಸೇರಿ ಟಾರ್ಕನ್ನು ಸುಮಾರು 12 ಪಟ್ಟು ಮಾಡುತ್ತವೆ ಅಂದುಕೊಳ್ಳಿ. 400 ಇದ್ದದ್ದು ಚಕ್ರದ ಹತ್ತಿರ 4800 ಆಯಿತು. ಅದು ನಿಧಾನಕ್ಕೆ ಬಂದರೆ. ಕ್ಲಚ್ ಥಟ್ಟಂತ ಬಿಟ್ಟಾಗ ಫ್ಲೈವೀಲಿನಲ್ಲಿ ಕೂತ ಶಕ್ತಿಯೂ ಅದರ ಜೊತೆ ಒಂದೇ ಹೊಡೆತಕ್ಕೆ ಇಳಿಯುತ್ತದೆ. ಎರಡೇ ಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ಟೈರ್ ಕಿರ್ರಂತ ಜಾರಿ ಆ ಹೊಡೆತ ತಿಂದು ಬಿಡುತ್ತದೆ. ಮನೆಯ ಫ್ಯೂಸ್ ಇದ್ದ ಹಾಗೆ. ನಾಲ್ಕೂ ಚಕ್ರ ನೆಲ ಹಿಡಿದರೆ ಆ ಫ್ಯೂಸ್ ಹೋಯಿತು. ಉಳಿದಿದ್ದು ಕ್ಲಚ್ ಒಂದೇ. ಅದೂ ಜಾರದ ಹಾಗೆ ನಾನೇ ಮಾಡಿದ್ದೆ. ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಸುತ್ತಿ ಮೀಟರ್ ಸುಟ್ಟುಕೊಂಡವರನ್ನು ನೋಡಿ ನಗುತ್ತೇವೆ, ಅಲ್ವಾ?

ಹುಡುಗ ಇನ್ನೂ ಹಟ ಬಿಟ್ಟಿರಲಿಲ್ಲ. "ದಪ್ಪ ಆ್ಯಕ್ಸಲ್ ಹಾಕ್ರಿ." ತಿರುಚುವ ಬಲಕ್ಕೆ ಶಾಫ್ಟಿನ ದಪ್ಪದ ಲೆಕ್ಕ ಘನದಲ್ಲಿ ಏರುತ್ತದೆ. 28 ಮಿಲಿಮೀಟರಿನದನ್ನು 30 ಮಾಡಿದರೆ ಸುಮಾರು 23 ಶೇಕಡಾ ಹೆಚ್ಚು ತಾಳುತ್ತದೆ, ನಿಜ. ಆದರೆ ಆಗ ಒಡೆಯುವ ಸರದಿ ಆ್ಯಕ್ಸಲ್ ತುದಿಯ ಸಿವಿ ಜಾಯಿಂಟಿನದು. ಅದನ್ನು ಗಟ್ಟಿ ಮಾಡಿದರೆ ಡಿಫರೆನ್ಷಿಯಲ್‌ನದು. ಜಪಾನಿನ ಸುಬಾರು ಕಂಪನಿ ತನ್ನ ವೇಗದ ಕಾರು ಎಸ್‌ಟಿಐಗೆ ಮೊದಲಿದ್ದ ಐದು ಗೇರಿನ ಡಬ್ಬಿ ಬಿಟ್ಟು ಆಮೇಲೆ ಬೇರೆಯೇ ಆರು ಗೇರಿನ ಡಬ್ಬಿ ಕೊಟ್ಟಿತು. ನಮ್ಮ ಗ್ಯಾರೇಜಿನಲ್ಲಿ ಅಷ್ಟು ದೂರ ಹೋಗಲು ಆಗದು, ಅವನ ಜೇಬಿನಲ್ಲೂ ಅಷ್ಟಿರಲಿಲ್ಲ.

ಬಿಚ್ಚಿದ್ದೇ ಬಿಚ್ಚಿದೆ ಅಂತ ಇನ್ನೊಂದು ನೋಡಿದೆ. ಮೊದಲ ದಿನವೇ ನೋಡಬೇಕಿತ್ತು. ಮುಂದೆ ಎರಡು ಹೊಸ ಟೈರ್, ಹಿಂದೆ ಎರಡು ಹಳೇದು. ಹೊಸದರ ಮೇಲಿನ ಗೀರುಗಳ ಆಳ 8 ಮಿಲಿಮೀಟರ್, ಹಳೇದರದು 3. ತ್ರಿಜ್ಯದಲ್ಲಿ 5 ಮಿಲಿಮೀಟರ್ ಅಂದರೆ ಸುತ್ತಳತೆಯಲ್ಲಿ 31. ಎರಡು ಮೀಟರ್ ಸುತ್ತಳತೆಯ ಚಕ್ರ ಕಿಲೋಮೀಟರಿಗೆ 500 ಸಲ ತಿರುಗುತ್ತದೆ. ಹಿಂದೆ ಮುಂದೆ ಹೊಂದದ ಓಟ ಕಿಲೋಮೀಟರಿಗೆ ಸುಮಾರು 15.5 ಮೀಟರ್! ಅದಷ್ಟನ್ನೂ ಹಾಲ್ಡೆಕ್ಸಿನ ಪ್ಲೇಟುಗಳು ಉಜ್ಜಿ ಉಜ್ಜಿ ನುಂಗಬೇಕು. ನಮ್ಮ ಮೇ ತಿಂಗಳ ಬಿಸಿಲು ಬೇರೆ. ಎಣ್ಣೆ ಕರ್ರಗೆ ಸುಟ್ಟ ವಾಸನೆ ಬರುತ್ತಿತ್ತು, ಪಂಪಿನ ಸೋಸುವ ಜಾಳಿಗೆ ಕಟ್ಟಿಕೊಂಡಿತ್ತು.

ಕಡೆಗೆ ಹೀಗೆ ಮಾಡಿದೆ. ಹೈದರಾಬಾದಿನಿಂದ ಹಳೆಯ ಬೆವೆಲ್ ಡಬ್ಬಿ ತಂದು, ಬೇರಿಂಗ್, ಸೀಲ್ ಬದಲಿಸಿ, ಹಲ್ಲು ಎಲ್ಲಿ ತಾಗುತ್ತದೆ ನೋಡಲು ನೀಲಿ ಬಣ್ಣದ ಬ್ಲೂ ಹಚ್ಚಿ, ಗುರುತು ಮಧ್ಯಕ್ಕೆ ಬರುವವರೆಗೂ ಶಿಮ್ (ತೆಳು ತಗಡು) ಹಾಕಿದೆ. ಅದಕ್ಕೇ ಒಂದೂವರೆ ದಿನ ಹೋಯಿತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಗಟ್ಟಿ ಪ್ರೆಶರ್ ಪ್ಲೇಟ್ ಇಟ್ಟು, ಸ್ಪ್ರಿಂಗ್ ಇರುವ ಮಾಮೂಲಿ ಮಾಲಿನ ಕ್ಲಚ್ ಪ್ಲೇಟ್ ಹಾಕಿದೆ. 400 ತಾಳುತ್ತದೆ, ಹೊಡೆತ ಬಿದ್ದರೆ ಜಾರುತ್ತದೆ. ಎಂಜಿನ್ ಮೌಂಟಿಂಗ್ ಹೊಸದು. ರೀಮ್ಯಾಪ್ ಮಾಡಿದವರಿಗೆ ಫೋನ್ ಮಾಡಿ ಮೊದಲ ಎರಡು ಗೇರಿನಲ್ಲಿ ಟಾರ್ಕ್ 320ಕ್ಕೇ ಕಟ್ಟಿಸಿದೆ. ಹುಡುಗ ಮುಖ ಊದಿಸಿಕೊಂಡ, ಓಡಿಸಿ ನೋಡಿದ ಮೇಲೆ ಸುಮ್ಮನಾದ. ಮೂರನೇ ಗೇರಿನಿಂದ ಎಲ್ಲ ಹಾಗೇ ಇದೆಯಲ್ಲ. ಡಬ್ಬಿಯ ಅರ್ಧ ಹಣ ನಾನೇ ಹಾಕಿದೆ. ಇಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಇನ್ಶೂರೆನ್ಸಿಗೂ ತೊಂದರೆ. ಅದನ್ನು ಈಗ ಗಾಡಿ ಒಳಗೆ ಬಿಡುವ ಮೊದಲೇ ಹೇಳುತ್ತೇನೆ.

ಕಳೆದ ವಾರ ಎಣ್ಣೆ ಬದಲಿಸಲು ಬಂದಿದ್ದ. ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೆರಳಾಡಿಸಿದೆ. ಬೂದು ಬಣ್ಣದ ನುಣ್ಣನೆ ಪೇಸ್ಟ್, ಚೂರು ಇಲ್ಲ. "ಮುಂದಿನ ಸಲ 500 ಮಾಡೂಣೇನ್ರಿ?" ಅಂದ. ಮೊದಲು ಹಿಂದಿನ ಎರಡು ಟೈರ್ ತಗೊಂಡು ಬಾ ಅಂದೆ. ಇನ್ನೂ ಬಂದಿಲ್ಲ.