ಸಾಲಿನಲ್ಲಿ ಐದನೆಯ ಮನೆ

ಮಗಳ ಮನೆ ಇರುವುದು ಬ್ರಿಸ್ಟಲ್‌ನಲ್ಲಿ. ಮೂರು ವಾರ ಅಲ್ಲಿದ್ದೆ. ಲಂಡನ್ನಿಗೂ ಹೋಗಿ ನಾಲ್ಕು ದಿನ ಕಾಲು ಸೋಲುವಷ್ಟು ಸುತ್ತಿದೆವು. ಆ ನಾಲ್ಕು ದಿನಗಳ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಗಡಿಯಾರದ ಗೋಪುರ, ಸೇತುವೆ, ಅರಮನೆಯ ಗೇಟು ಎಲ್ಲವೂ ಕ್ಯಾಲೆಂಡರಿನಲ್ಲಿ ಕಂಡ ಹಾಗೆಯೇ ಇದ್ದವು, ಅಷ್ಟೇ. ನನ್ನನ್ನು ಬರೆಯಲು ಕೂರಿಸಿದ್ದು ವೇಲ್ಸ್‌ನಲ್ಲಿ ಕಳೆದ ಒಂದು ಮಧ್ಯಾಹ್ನ.

ಮಗಳಿಗೆ ಅಂದು ಕಚೇರಿ. ಒಬ್ಬಳೇ ಹೋಗಿ ಬರುತ್ತೇನೆ ಎಂದು ಹಟ ಹಿಡಿದು ಹೊರಟೆ. ಬ್ರಿಸ್ಟಲ್‌ನಿಂದ ಕಾರ್ಡಿಫ್‌ಗೆ ರೈಲಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ನಡುವೆ ಸೆವರ್ನ್ ನದಿಯ ಅಡಿಯಲ್ಲಿ ಏಳು ಕಿಲೋಮೀಟರ್ ಉದ್ದದ ಸುರಂಗವಿದೆ, 1886ರದ್ದು. ಕಿಟಕಿಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಕಾರ್ಡಿಫ್‌ನಲ್ಲಿ ಇಳಿದ ಮೇಲೆ ಆದದ್ದನ್ನು ಹೇಳಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತದೆ. ಸೇಂಟ್ ಫ್ಯಾಗನ್ಸ್‌ಗೆ ಹೋಗುವ ಬಸ್ ಹತ್ತಿ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದೆ. ಊರಿನಲ್ಲಿ ಬ್ಯಾಂಕಿನವರು ‘ಎಲ್ಲ ಕಡೆ ನಡೆಯುತ್ತದೆ ಮೇಡಂ’ ಎಂದು ಕೊಟ್ಟ ಕಾರ್ಡು. ಯಂತ್ರ ಕೆಂಪು ದೀಪ ತೋರಿಸಿತು. ಹಿಂದೆ ಜನ ನಿಂತಿದ್ದರು. ಗಾಬರಿಯಲ್ಲಿ ಹತ್ತು ಪೌಂಡಿನ ನೋಟನ್ನು ಡಬ್ಬಿಗೆ ಹಾಕಿದೆ. ಚಿಲ್ಲರೆ? ಇಲ್ಲವಂತೆ, ಚಿಲ್ಲರೆ ವಾಪಸ್ ಕೊಡುವ ಪದ್ಧತಿಯೇ ಇಲ್ಲವಂತೆ. ಚಾಲಕ ಬಹಳ ಮರ್ಯಾದೆಯಿಂದಲೇ ಹೇಳಿದ, ನಾನು ಮರ್ಯಾದೆಯಿಂದಲೇ ಸಾವಿರ ರೂಪಾಯಿ ಕಳೆದುಕೊಂಡೆ. ಹೋಗುವವರು ಎರಡು ಬೇರೆ ಬೇರೆ ಕಾರ್ಡು, ಜೊತೆಗೆ ಒಂದು ಹಿಡಿ ನಾಣ್ಯ ಇಟ್ಟುಕೊಳ್ಳಿ.

ಸೇಂಟ್ ಫ್ಯಾಗನ್ಸ್ ಒಂದು ಬಯಲು ವಸ್ತುಸಂಗ್ರಹಾಲಯ, 1948ರಲ್ಲಿ ಶುರುವಾದದ್ದು. ವೇಲ್ಸ್‌ನ ಬೇರೆ ಬೇರೆ ಊರುಗಳಿಂದ ಹಳೆಯ ಮನೆ, ಅಂಗಡಿ, ಶಾಲೆಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಪ್ರವೇಶ ಪುಕ್ಕಟೆ. ಹತ್ತು ಪೌಂಡು ಹೋದ ಮೇಲೆ ಅದೊಂದು ಸಮಾಧಾನ. ಒಲೆಯಿಂದ ಬಂದ ಬಾರಾ ಬ್ರಿತ್ ಎಂಬ ಒಣದ್ರಾಕ್ಷಿಯ ಬ್ರೆಡ್ಡು ತಿಂದೆ. ಚಹಾದಲ್ಲಿ ನೆನೆಸಿದ ದ್ರಾಕ್ಷಿ ಹಾಕುತ್ತಾರೆ. ಮೂರು ವಾರದಲ್ಲಿ ಆ ದೇಶದಲ್ಲಿ ನನಗೆ ನಿಜವಾಗಿ ಹಿಡಿಸಿದ ತಿಂಡಿ ಅದೊಂದೇ. ಟೋಸ್ಟಿನ ಮೇಲೆ ಸಿಹಿ ಬೀನ್ಸ್ ಕಾಳು ಸುರಿದುಕೊಂಡು ತಿನ್ನುವವರ ಬಗ್ಗೆ ನಾನು ಮಾತಾಡುವುದಿಲ್ಲ.

ಕೋಟೆಯಂಥ ದೊಡ್ಡ ಮನೆಯನ್ನು ಹೊರಗಿನಿಂದಲೇ ನೋಡಿ ಮುಂದೆ ನಡೆದೆ. ಮರ್ಥರ್ ಟಿಡ್ವಿಲ್ ಎಂಬ ಕಬ್ಬಿಣದ ಊರಿನಿಂದ ತಂದ ಆರು ಮನೆಗಳ ಸಾಲು ಸಿಕ್ಕಿತು. ರಿಡಕಾರ್ ಮನೆಗಳು ಎನ್ನುತ್ತಾರೆ. 1800ರ ಆಸುಪಾಸಿನಲ್ಲಿ ಕಾರ್ಮಿಕರಿಗಾಗಿ ಕಟ್ಟಿದವು, ಒಂದಕ್ಕೊಂದು ಗೋಡೆ ಹಂಚಿಕೊಂಡವು, ನಮ್ಮ ವಠಾರದ ಹಾಗೆ. ಆರೂ ಒಂದೇ ಅಳತೆ. ಆದರೆ ಒಳಗೆ ಒಂದೊಂದಕ್ಕೂ ಒಂದೊಂದು ಕಾಲ: 1805, 1855, 1895, 1925, 1955, 1985. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹತ್ತು ಹೆಜ್ಜೆ ಹಾಕಿದರೆ ಮೂವತ್ತು, ನಲವತ್ತು, ಐವತ್ತು ವರ್ಷ ದಾಟುತ್ತದೆ. ಯಾರಿಗೆ ಹೊಳೆಯಿತೋ, ಅವರಿಗೆ ನಮಸ್ಕಾರ.

ಐದನೆಯ ಮನೆಯ ಬಾಗಿಲಲ್ಲಿ ಒಬ್ಬ ಹಿರಿಯ ಮಹಿಳೆ ಕೋಲು ಊರಿ ನಿಂತಿದ್ದರು. ಒಳಗೂ ಹೋಗುತ್ತಿಲ್ಲ, ದಾರಿಯನ್ನೂ ಬಿಡುತ್ತಿಲ್ಲ. ನಾನು ‘ಸ್ವಲ್ಪ ಜಾಗ’ ಎಂದೆ. ಅವರು ಸರಿಯುವ ಬದಲು ಕೋಲನ್ನು ಎತ್ತಿ ಹಿತ್ತಲ ಗೋಡೆಯ ಕಡೆ ತೋರಿಸಿದರು.

“ನಮ್ಮ ಮನೆಯಲ್ಲಿ ಆ ಗೋಡೆಗೆ ಸ್ನಾನದ ತೊಟ್ಟಿ ನೇತುಹಾಕಿರುತ್ತಿದ್ದರು. ತಗಡಿನದು. ಶುಕ್ರವಾರ ರಾತ್ರಿ ಇಳಿಸಿ ಒಲೆಯ ಮುಂದೆ ಇಡುವುದು. ಮೊದಲು ನಾನು, ಆಮೇಲೆ ಅಣ್ಣ, ಅದೇ ನೀರಿನಲ್ಲಿ.”

“ಅದೇ ನೀರಿನಲ್ಲಿ?”

“ನಾನು ಚಿಕ್ಕವಳು, ನನ್ನ ಕೊಳೆ ಕಡಿಮೆ.”

ಅಲ್ಲಿಗೆ ನನ್ನ ಪ್ರವಾಸ ನಿಂತಿತು. ಒಂದೂವರೆ ತಾಸು ನಾವಿಬ್ಬರೂ ಆ ಮನೆಯ ಮುಂದಿನ ಗೋಡೆಯ ಮೇಲೆ ಕುಳಿತಿದ್ದೆವು. ಅವರ ಮೊಮ್ಮಗಳು ಎರಡು ಸಲ ಬಂದು ನೋಡಿ ಹೋದಳು.

ಅವರು ಗಣಿ ಕಣಿವೆಯ ಹುಡುಗಿ. 1944ರಲ್ಲಿ ಹುಟ್ಟಿದವರು. ಅಪ್ಪ ಕಲ್ಲಿದ್ದಲಿನ ಗಣಿಯಲ್ಲಿ. ಮನೆಗೆ ಬರಬೇಕಾದ ಕಲ್ಲಿದ್ದಲನ್ನು ಗಾಡಿಯವನು ಬೀದಿಯಲ್ಲೇ ಗುಡ್ಡೆ ಸುರಿದು ಹೋಗುತ್ತಿದ್ದ. ಕತ್ತಲಾಗುವುದರೊಳಗೆ ಬಕೆಟಿನಲ್ಲಿ ತುಂಬಿ ಒಳಗೆ ಹಾಕಿ ಬೀದಿ ತೊಳೆಯಬೇಕು, ಇಲ್ಲದಿದ್ದರೆ ನೆರೆಯವರ ಬಾಯಿಗೆ ಬೀಳಬೇಕು. ಕಕ್ಕಸು ಹಿತ್ತಲಲ್ಲಿ. ಅದಕ್ಕೆ ವೆಲ್ಷ್ ಭಾಷೆಯಲ್ಲಿ ‘ಟಿ ಬಾಕ್’, ಅಂದರೆ ಪುಟ್ಟ ಮನೆ. ಮೊಳೆಗೆ ಚುಚ್ಚಿದ ಸುದ್ದಿಪತ್ರಿಕೆಯ ಚೂರುಗಳು. “ನಾನು ಓದಲು ಕಲಿತದ್ದೇ ಅಲ್ಲಿ,” ಎಂದರು. “ಆದರೆ ಯಾವ ಸುದ್ದಿಯ ಕೊನೆಯೂ ಗೊತ್ತಾಗುತ್ತಿರಲಿಲ್ಲ, ಇನ್ನೊಂದು ಚೂರನ್ನು ಯಾರೋ ಬಳಸಿರುತ್ತಿದ್ದರು.”

ನಾನು ನಕ್ಕಿದ್ದಕ್ಕೆ ಅವರಿಗೆ ಹುರುಪು ಬಂತು. ರೇಷನ್ ಪುಸ್ತಕದ ಮಾತು ತೆಗೆದರು. ದೊಡ್ಡವರದು ಮಣ್ಣು ಬಣ್ಣ, ಐದು ದಾಟಿದ ಮಕ್ಕಳದು ನೀಲಿ.

ರೇಷನ್ ಎಂಬ ಪದ ಅವರ ಬಾಯಿಂದ ಕೇಳಿ ನಾನು ಒಂದು ಕ್ಷಣ ಸುಮ್ಮನಾದೆ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಯುದ್ಧಕಾಲದಲ್ಲಿ ಬ್ರಿಟನ್ನಿನಲ್ಲಿ ಪಡಿತರ ಇತ್ತು ಎಂದು ಗೊತ್ತಿತ್ತು. ಯುದ್ಧ ಮುಗಿದು ಒಂಬತ್ತು ವರ್ಷ, 1954ರ ಜುಲೈವರೆಗೆ ನಡೆಯಿತು ಎಂಬುದು ತಲೆಗೆ ಹೋಗಿರಲಿಲ್ಲ. ಯುದ್ಧದಲ್ಲಿ ಇಲ್ಲದ ಬ್ರೆಡ್ಡಿನ ಪಡಿತರವನ್ನು ಯುದ್ಧ ಮುಗಿದ ಮೇಲೆ, 1946ರ ಜುಲೈಯಲ್ಲಿ ತಂದರಂತೆ. ಎರಡು ವರ್ಷ ಇತ್ತು. ಅಂದರೆ ಕೆಂಪುಕೋಟೆಯ ಮೇಲೆ ನಮ್ಮ ಬಾವುಟ ಏರಿದ ಆಗಸ್ಟ್ ತಿಂಗಳಲ್ಲಿ ಈ ಹೆಂಗಸಿನ ತಾಯಿ ಬ್ರೆಡ್ಡಿಗೂ ಕೂಪನ್ ಕತ್ತರಿಸಿಕೊಡುತ್ತಿದ್ದರು. ದೊರೆಗಳ ದೇಶ ಎಂದರೆ ಎಲ್ಲರೂ ಬೆಳ್ಳಿ ತಟ್ಟೆಯಲ್ಲಿ ಉಣ್ಣುತ್ತಾರೆ ಎಂದು ನನ್ನ ಅಜ್ಜಿ ನಂಬಿದ್ದಳು. ಪಾಠ ಓದಿದ ನಾನೂ ಒಳಗೊಳಗೆ ಹಾಗೆಯೇ ನಂಬಿದ್ದೆನೇನೋ. 1943ರ ಬಂಗಾಳದ ಕ್ಷಾಮ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ನನ್ನ ಪಕ್ಕದಲ್ಲಿ ಆಗ ಕುಳಿತಿದ್ದವಳು ಎಂಟು ವರ್ಷದ ಹುಡುಗಿ. ಅವಳ ಮುಂದೆ ಎತ್ತುವ ಮಾತಾಗಿರಲಿಲ್ಲ.

ಸಿಹಿತಿಂಡಿಗೂ ಪಡಿತರ. ವಾರಕ್ಕೆ ಕೆಲವೇ ಔನ್ಸ್. ಶನಿವಾರ ಒಂದು ಮಾರ್ಸ್ ಬಾರ್ ತಂದರೆ ತಾಯಿ ಅದನ್ನು ಹಲಗೆಯ ಮೇಲಿಟ್ಟು ಚಾಕುವಿನಿಂದ ಬಿಲ್ಲೆ ಮಾಡುತ್ತಿದ್ದರು. ಅವರು ತಮ್ಮ ಎಡಗೈಯ ತೋರುಬೆರಳನ್ನು ಬಾರ್ ಮಾಡಿಕೊಂಡು, ಬಲಗೈಯ ಅಂಚಿನಿಂದ ಕತ್ತರಿಸಿ ತೋರಿಸಿದರು. ಏಳು ಬಿಲ್ಲೆ, ದಿನಕ್ಕೊಂದು. ತುದಿಯ ಬಿಲ್ಲೆಗೆ ಚಾಕೊಲೇಟ್ ಹೆಚ್ಚು, ಅದಕ್ಕಾಗಿ ಅಣ್ಣನ ಜೊತೆ ಜಗಳ. ಬಿಲ್ಲೆ ಸಮನಾಗಿದೆಯೇ ಎಂದು ಅಣ್ಣ ಬೆಳಕಿಗೆ ಹಿಡಿದು ನೋಡುತ್ತಿದ್ದನಂತೆ.

“1953ರ ಫೆಬ್ರುವರಿಯಲ್ಲಿ ಮಿಠಾಯಿಯ ಪಡಿತರ ತೆಗೆದರು. ಗುರುವಾರ. ಶಾಲೆ ಬಿಟ್ಟ ತಕ್ಷಣ ಊರಿನ ಮಕ್ಕಳೆಲ್ಲ ಅಂಗಡಿಗೆ. ನಾನು ಮಾತ್ರ ಮೊದಲು ಮನೆಗೆ ಓಡಿದೆ.”

“ಯಾಕೆ?”

“ಪುಸ್ತಕ ತರಲು. ಅಣ್ಣ ಹೇಳಿದ್ದ, ನಂಬಬೇಡ ಎಂದು. 1949ರಲ್ಲೂ ಒಮ್ಮೆ ತೆಗೆದಿದ್ದರಲ್ಲ, ನಾಲ್ಕು ತಿಂಗಳಲ್ಲಿ ಅಂಗಡಿಗಳೆಲ್ಲ ಖಾಲಿಯಾಗಿ ಮತ್ತೆ ಪುಸ್ತಕ ಬಂತು. ಅಂಗಡಿಯವರು ‘ಪುಸ್ತಕ ಬೇಡ ಕಾರಿಯಾದ್’ ಎಂದರು. ಆದರೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಜಾಡಿಯಿಂದ ಪೇರ್ ಡ್ರಾಪ್ ತಕ್ಕಡಿಗೆ ಸುರಿದು ಕಾಲು ಪೌಂಡ್ ತೂಗಿ ಕೊಟ್ಟರು. ನಾಳೆಯೇ ಪಡಿತರ ವಾಪಸ್ ಬಂದರೆ? ತಿನ್ನಲಿಲ್ಲ. ಕಾಲುಚೀಲಕ್ಕೆ ತುಂಬಿ ಕಲ್ಲಿದ್ದಲಿನ ಕೋಣೆಯಲ್ಲಿ ಬಚ್ಚಿಟ್ಟೆ.”

ವಾರ ಬಿಟ್ಟು ತೆಗೆದು ನೋಡಿದರೆ ಎಲ್ಲವೂ ಅಂಟಿಕೊಂಡು, ಉಣ್ಣೆಯ ಎಳೆ ಮೆತ್ತಿಕೊಂಡು, ಕಪ್ಪು ಉಂಡೆ. “ತಿಂದಿರಾ?” ಎಂದೆ. “ಮತ್ತೆ? ತೊಳೆದುಕೊಂಡು ತಿಂದೆ. ಇವತ್ತಿಗೂ ಪೇರ್ ಡ್ರಾಪ್ ತಿಂದರೆ ಕಲ್ಲಿದ್ದಲಿನ ವಾಸನೆ ಇಲ್ಲವಲ್ಲ ಎನಿಸುತ್ತದೆ.”

ಕಾರಿಯಾದ್ ಎಂದರೆ ವೆಲ್ಷ್‌ನಲ್ಲಿ ಚಿನ್ನ, ಮುದ್ದು. ಮಾತು ಮುಗಿಯುವುದರೊಳಗೆ ನನ್ನನ್ನೂ ಹಾಗೆಯೇ ಕರೆಯತೊಡಗಿದ್ದರು.

ಶಾಲೆಯ ಹಾಲಿನ ವಿಷಯ ಬಂತು. 1946ರಿಂದ ಶಾಲಾ ಮಕ್ಕಳಿಗೆಲ್ಲ ದಿನಕ್ಕೆ ಮೂರನೇ ಒಂದು ಪೈಂಟ್ ಹಾಲು ಉಚಿತ, ಪುಟ್ಟ ಸೀಸೆಯಲ್ಲಿ. ಚಳಿಗಾಲದಲ್ಲಿ ಹಾಲು ಹೆಪ್ಪುಗಟ್ಟಿ ಮುಚ್ಚಳವನ್ನು ಮೇಲಕ್ಕೆ ದೂಡುತ್ತಿತ್ತು. ಟೀಚರ್ ಸೀಸೆಗಳನ್ನು ಒಲೆಯ ಪಕ್ಕ ಇಡುತ್ತಿದ್ದರು. ಆಗ ಅದು ಉಗುರುಬೆಚ್ಚಗಾಗಿ ಇನ್ನೂ ಅಸಹ್ಯ. ನಾನು ನಮ್ಮ ಕೇರ್ ಉಪ್ಪಿಟ್ಟಿನ ಕಥೆ ಹೇಳಿದೆ. ಎಪ್ಪತ್ತರ ದಶಕದ ತಿಪಟೂರು ಸೀಮೆಯ ಪ್ರಾಥಮಿಕ ಶಾಲೆ, ಅಮೆರಿಕದಿಂದ ಬಂದ ಹಳದಿ ಹಿಟ್ಟು, ಮುತ್ತುಗದ ಎಲೆ, ಹಾಲಿನ ಪುಡಿ ಕದಡಿದ ದೊಡ್ಡ ಪಾತ್ರೆ. ಆ ಉಪ್ಪಿಟ್ಟಿನ ರುಚಿ ಹೇಗಿತ್ತು ಎಂದು ಅವರು ಕೇಳಿದರು. ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ಕನ್ನಡದಲ್ಲಾದರೂ ಹೇಗೆ ಹೇಳುವುದು?

ಅವರ ಸೋದರತ್ತೆಯೊಬ್ಬರು ಕಾರ್ಡಿಫ್‌ನಲ್ಲಿ ‘ಪ್ರಿಫ್ಯಾಬ್’ನಲ್ಲಿದ್ದರಂತೆ. ಬಾಂಬಿಗೆ ಮನೆ ಕಳೆದುಕೊಂಡವರಿಗಾಗಿ ಕಾರ್ಖಾನೆಯಲ್ಲಿ ಮಾಡಿ ಲಾರಿಯಲ್ಲಿ ತಂದು ಜೋಡಿಸಿದ ಮನೆಗಳು. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ಹತ್ತೇ ವರ್ಷ ಬಾಳಿಕೆ ಎಂದು ಕಟ್ಟಿದವುಗಳಲ್ಲಿ ಜನ ಎಷ್ಟೋ ದಶಕ ಬಾಳಿದರು. 1948ರ ಅಂಥದೊಂದು ಅಲ್ಯೂಮಿನಿಯಂ ಮನೆ ಇಲ್ಲೇ ಇದೆ. ಆಮೇಲೆ ಹೋಗಿ ನೋಡಿದೆ. ನಮ್ಮ ಕಡೆಯ ಕೆಳದರ್ಜೆಯ ಸರ್ಕಾರಿ ಕ್ವಾರ್ಟರ್ಸಿಗಿಂತ ಎಷ್ಟೋ ಮೇಲು. ಯುದ್ಧಕ್ಕೆ ವಿಮಾನ ಮಾಡುತ್ತಿದ್ದ ಕಾರ್ಖಾನೆಗಳು ಯುದ್ಧ ಮುಗಿದ ಮೇಲೆ ಇಂಥ ಮನೆ ಮಾಡಿದವು. ಒಳಗೇ ಸ್ನಾನದ ಮನೆ, ಅಡುಗೆಮನೆಯಲ್ಲಿ ಫ್ರಿಜ್. “ನಾವು ಅತ್ತೆಯನ್ನು ನೋಡಲು ಹೋಗುತ್ತಿರಲಿಲ್ಲ, ಐಸ್ ನೋಡಲು ಹೋಗುತ್ತಿದ್ದೆವು,” ಎಂದರು.

“ಒಳ್ಳೆಯ ಕಾಲ ಅಲ್ಲವೇ?” ಎಂದು ನಾನು ಏನೋ ಮಾತಿಗೆ ಹೇಳಿದೆ. ಹೇಳಬಾರದಿತ್ತು.

“ಅಪ್ಪನಿಗೆ ಧೂಳು ಹಿಡಿದಿತ್ತು,” ಎಂದರು. ಅಷ್ಟೇ ಹೇಳಿದರು. ಗಣಿಯವರ ಶ್ವಾಸಕೋಶದ ಕಾಯಿಲೆಗೆ ಅಲ್ಲಿ ಹಾಗೆಯೇ ಅನ್ನುತ್ತಾರೆ, ಧೂಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಐದನೆಯ ಮನೆಯೊಳಗೆ ಯಾರದೋ ಮಗು ‘ಟಿವಿ ಎಲ್ಲಿ?’ ಎಂದು ಕೇಳುತ್ತಿತ್ತು.

ಆಮೇಲೆ ಅವರೇ ಕೋಲಿನಿಂದ ನೆಲ ತಟ್ಟಿ, “ಕೇಳಿ,” ಎಂದು ಒಂದೇ ಉಸಿರಿನಲ್ಲಿ ನಾಲ್ಕು ಅಂಕಿ ಹೇಳಿದರು. ತಾಯಿಯ ಕೋ-ಆಪ್ ನಂಬರ್. ಊರಿನ ಸಹಕಾರಿ ಅಂಗಡಿಯಲ್ಲಿ ಏನು ಕೊಂಡರೂ ಆ ನಂಬರ್ ಹೇಳಬೇಕು. ಕೊಂಡ ಲೆಕ್ಕದ ಮೇಲೆ ಕಾಲಕಾಲಕ್ಕೆ ಲಾಭದ ಪಾಲು ಬರುತ್ತಿತ್ತು. ಅವರು ಅದಕ್ಕೆ ‘ಡಿವಿ’ ಎನ್ನುತ್ತಿದ್ದರು. ಮಕ್ಕಳ ಚಳಿಗಾಲದ ಬೂಟು ಆ ಡಿವಿಯಲ್ಲಿ. ನಂಬರ್ ತಪ್ಪು ಹೇಳಿದರೆ ಪಾಲು ಇನ್ನೊಬ್ಬರಿಗೆ ಹೋದೀತೆಂದು ತಾಯಿ ಮಗಳಿಗೆ ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಸಿದ್ದರು. “ನನ್ನ ಮೊಬೈಲ್ ನಂಬರ್ ನನಗೆ ಗೊತ್ತಿಲ್ಲ. ಇದು ಮರೆಯುವುದಿಲ್ಲ. ನಿಮ್ಮದು?”

ನಮಗೆ ಡಿವಿ ಎಲ್ಲಿಂದ ಬರಬೇಕು ಎನ್ನಲು ಬಾಯಿ ತೆರೆದೆ. ಬಂದದ್ದು “ಇನ್ನೂರ ಹದಿನಾಲ್ಕು.” ಕನ್ನಡದಲ್ಲೇ ಬಂತು. ನಮ್ಮ ರೇಷನ್ ಕಾರ್ಡಿನ ಕ್ರಮಸಂಖ್ಯೆ. ಸೊಸೈಟಿಯ ಗುಮಾಸ್ತ ಕೂಗಿದಾಗ ಕೇಳಿಸಿಕೊಳ್ಳದಿದ್ದರೆ ಸರದಿ ಹೋಯಿತು, ಆ ತಿಂಗಳ ಸೀಮೆಎಣ್ಣೆಯೂ ಹೋಯಿತು. ಬೆಳಿಗ್ಗೆ ಐದಕ್ಕೆ ಡಬ್ಬ ಇಟ್ಟು, ಡಬ್ಬದ ಮೇಲೆ ಗುರುತಿಗೆ ಕಲ್ಲು ಇಟ್ಟು ಬಂದು, ಎಂಟಕ್ಕೆ ಅಮ್ಮ ನನ್ನನ್ನು ಕಳುಹಿಸುತ್ತಿದ್ದಳು. ನಲವತ್ತು ವರ್ಷದಿಂದ ಆ ಸಂಖ್ಯೆ ನನ್ನ ತಲೆಯೊಳಗೆ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಅವರು ಅದನ್ನು ಮತ್ತೆ ಹೇಳಿಸಿದರು. ತಾವೂ ಹೇಳಲು ನೋಡಿದರು. ‘ಇನ್ನೂರ’ ಬಂತು, ‘ಹದಿನಾಲ್ಕು’ ಬರಲಿಲ್ಲ. ನಾನು ಅವರ ನಾಲ್ಕು ಅಂಕಿ ಕಲಿತೆ. ಮೊಮ್ಮಗಳು ಮೂರನೆಯ ಸಲ ಬಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಹೆಸರು ಕೇಳಲಿಲ್ಲ, ಫೋಟೋ ತೆಗೆಯಲಿಲ್ಲ.

ಪ್ರಿಫ್ಯಾಬ್ ನೋಡಿಕೊಂಡು ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಬಸ್ಸಿನ ಬೆನ್ನು ಕಂಡಿತು. ಮಳೆ ಹನಿಯುತ್ತಿತ್ತು. ಮಗಳ ಫೋನು.

“ಅಮ್ಮ, ಎಲ್ಲಿದ್ದೀಯ? ರೈಲಿಗೆ ಹೊತ್ತಾಯಿತು. ಬಸ್ ಹತ್ತಿದೆಯಾ?”

“ಇಲ್ಲ ಕಣೆ, ಈಗ ತಾನೇ ತಪ್ಪಿತು.”

“ಯಾವ ನಂಬರಿನ ಬಸ್? ಮುಂದಿನದು ಯಾವಾಗ ಎಂದು ನೋಡಿ ಹೇಳುತ್ತೇನೆ.”

“ಇನ್ನೂರ ಹದಿನಾಲ್ಕು,” ಎಂದೆ.

“ಆ ನಂಬರಿನ ಬಸ್ಸೇ ಅಲ್ಲಿ ಇಲ್ಲವಲ್ಲಮ್ಮ,” ಎಂದಳು.