ನಾಲ್ಕು ಸಾಲಿನ ಚ್ಯಾಷ್ಟಿ

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಕಾಲೇಜಿನ ಗ್ಯಾದರಿಂಗು, ಕ್ರಿಕೆಟ್ಟು ಬರೆಯೋಣವೆಂದೇ ಕೂತೆ. ಪೆನ್ನು ಮಾತ್ರ ಧಾರವಾಡದ ಸಪ್ತಾಪುರದ ಬಾಡಿಗೆ ಖೋಲಿಗೇ ಹೋಯಿತು.

2000ನೇ ಇಸವಿ, ಡಿಗ್ರಿಯ ಕೊನೆಯ ವರ್ಷ. ನನ್ನ ಖೋಲಿಯ ಜೊತೆಗಾರನನ್ನು ಎಲ್ಲರೂ ಊರಿನ ಹೆಸರು ಹಿಡಿದೇ ‘ಬ್ಯಾಡಗಿ’ ಅಂತಿದ್ದೆವು. ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ ಅವರಪ್ಪ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿಕೊಟ್ಟಿದ್ದರು. ವಿಂಡೋಸ್ 98, ನಾಲ್ಕು ಜಿಬಿ ಡಿಸ್ಕು. ಮಾನಿಟರಿಗೆ ಅವರವ್ವ ಹಳೇ ಇಳಕಲ್ ಸೀರೆಯ ಸೆರಗಿನಿಂದ ಹೊಲಿದ ಮುಸುಕು. ಪ್ರಾಜೆಕ್ಟನ್ನೂ ಅವನು ತನ್ನ ಪೇಟೆಯದ್ದೇ ಹಿಡಿದಿದ್ದ: ದಲಾಲಿ ಅಂಗಡಿಗೆ ಫಾಕ್ಸ್‌ಪ್ರೋದಲ್ಲಿ ಲೆಕ್ಕದ ಪ್ರೋಗ್ರಾಂ. ಚೀಲ, ತೂಕ, ಹಮಾಲಿ, ದಲಾಲಿ ಕಳೆದು ರೈತನ ಕೈಗೆ ಬರುವುದೆಷ್ಟು ಅಂತ ಪಟ್ಟಿ ತೆಗೆಯುತ್ತಿತ್ತು.

ಹಿಂದಿನ ವರ್ಷ, 1999ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್ ವೈರಸ್ ಎಷ್ಟೋ ಕಂಪ್ಯೂಟರು ಕೆಡಿಸಿತ್ತು. 1986ರಲ್ಲಿ ಆ ಅಣುಸ್ಥಾವರ ಸಿಡಿದ ತಾರೀಖಿಗೇ ಎದ್ದದ್ದಕ್ಕೆ ಆ ಹೆಸರು. ಮತ್ತೆ ಅದೇ ತಾರೀಖು ಹತ್ತಿರ ಬರುತ್ತಲೇ ಬ್ಯಾಡಗಿಗೆ ದಿಗಿಲು. ನನಗೆ ಅಷ್ಟು ಸಾಕಾಯಿತು. ಅವತ್ತು ಮುಂಜಾನೆ ಅವನು ಜಳಕಕ್ಕೆ ಹೋದಾಗ ಆಟೋಎಕ್ಸೆಕ್ ಫೈಲಿಗೆ ನಾಲ್ಕು ಸಾಲು ಸೇರಿಸಿದೆ. ಕಂಪ್ಯೂಟರ್ ಶುರುವಾಗುತ್ತಲೇ ‘ಡಿಲೀಟಿಂಗ್ ಆಲ್ ಫೈಲ್ಸ್’ ಎಂಬ ಬರಹ, ಅದರ ಬೆನ್ನಿಗೇ ಡಿಸ್ಕಿನೊಳಗಿನ ಹೆಸರುಗಳೆಲ್ಲ ಸರಸರ ಓಡುವುದು. ಕೆಲಸ ಮಾಡುತ್ತಿದ್ದದ್ದು ಬರೀ ‘ಡಿಐಆರ್’ ಕಮಾಂಡು. ಹೆಸರು ತೋರಿಸುವುದಷ್ಟೇ ಅದಕ್ಕೆ ಗೊತ್ತು. (ನಿಜವಾದ ಚೆರ್ನೋಬಿಲ್ ಹೀಗೆ ಡಂಗುರ ಸಾರುತ್ತಿರಲಿಲ್ಲ. ತೆಪ್ಪಗೆ ಡಿಸ್ಕಿನ ಮೊದಲ ಒಂದು ಎಂಬಿಗೆ ಸೊನ್ನೆ ತುಂಬಿಬಿಡುತ್ತಿತ್ತು.) ಎರಡು ನಿಮಿಷ ಹೆದರುತ್ತಾನೆ, ಆಮೇಲೆ ಬೈದು ನಗುತ್ತಾನೆ ಅಂದುಕೊಂಡು ಕೆಲಗೇರಿ ಕೆರೆ ಕಡೆ ಅಡ್ಡಾಡಲು ಹೋದೆ.

ತಿರುಗಿ ಬಂದಾಗ ಟೇಬಲ್ ಮೇಲೆ ಮಾನಿಟರ್ ಒಂದೇ ಇತ್ತು, ಮುಸುಕು ಹಾಕಿಕೊಂಡು. ಸಿಪಿಯು ಇದ್ದ ಜಾಗದಲ್ಲಿ ಧೂಳಿಲ್ಲದ ಚೌಕ, ಸುತ್ತ ಜೋತುಬಿದ್ದ ವೈರು.

ಸಂಜೆ ಅವನು ಸೈಕಲ್ಲಿನ ಕ್ಯಾರಿಯರ್‌ಗೆ ಸಿಪಿಯು ಕಟ್ಟಿ ತಳ್ಳಿಕೊಂಡು ಬಂದ. “ಕಣ್ಣ ಮುಂದನ ಎಲ್ಲಾ ಹೋತಲೇ ದೋಸ್ತ. ನನ್ನ ಪ್ರಾಜೆಕ್ಟಿನ ಹೆಸರೂ ಓಡಿ ಹೋಗೂದು ನೋಡಿದೆ. ವಾಯರ್ ಕಿತ್ತ ಒಗದೆ. ಅಂಗಡ್ಯಾಗ, ವೈರಸ್ ಆಗಿದ್ರ ಫಾರ್ಮ್ಯಾಟ್ ಮಾಡೂದು ಒಂದ ದಾರಿ ಅಂದ್ರು. ನೂರಾ ಐವತ್ತ ತಗೊಂಡ್ರು.”

ನನ್ನ ಸಾಲುಗಳು ಒಂದು ಫೈಲನ್ನೂ ಮುಟ್ಟಿರಲಿಲ್ಲ. ಅಳಿಸಿದ್ದು ಅಂಗಡಿಯವರು, ಅಳಿಸಿರಿ ಅಂದವನು ಅವನು. ಈ ಲೆಕ್ಕವನ್ನು ಆ ರಾತ್ರಿ ಎಷ್ಟು ಸಲ ಹಾಕಿದೆನೋ! ಬಾಯಿ ಮಾತ್ರ ಬಿಡಲಿಲ್ಲ.

ಪ್ರಾಜೆಕ್ಟಿನ ಪ್ರತಿ ಇಟ್ಟಿದ್ದ ಫ್ಲಾಪಿ ತೆರೆಯಲಿಲ್ಲ. ಉಳಿದದ್ದು ಗೈಡ್ ಸರ್ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಫೆಬ್ರುವರಿಯ ಪ್ರಿಂಟೌಟ್. ನಾನು ಓದಿ ಹೇಳುವುದು, ಅವನು ಟೈಪ್ ಮಾಡುವುದು. ಮೂರನೇ ರಾತ್ರಿ, ಹಮಾಲಿ ಕಳೆಯುವ ಸಾಲಿನ ಹತ್ತಿರ ನನ್ನ ಓದು ನಿಂತಿತು. “ಅವತ್ತಿಂದು ವೈರಸ್ ಅಲ್ಲೋ. ನಾನ ಬರದಿಟ್ಟಿದ್ದೆ” ಅಂದೆ.

ಕೀಬೋರ್ಡಿನ ಸದ್ದೂ ನಿಂತಿತು. ಮಾನಿಟರಿನಿಂದ ಕಣ್ಣು ತೆಗೆಯದೆ, “ಮುಂದಿನ ಸಾಲ ಹೇಳು” ಅಂದ.

ಮರುದಿನ ಅವನ ಅಂಗಿಯ ಕಿಸೆಯಲ್ಲಿ ನೂರಾ ಐವತ್ತು ರೂಪಾಯಿ ಇಟ್ಟೆ. ಮಧ್ಯಾಹ್ನ ಅದು ಮೌಸ್ ಪ್ಯಾಡಿನ ಕೆಳಗಿತ್ತು. ಖೋಲಿ ಬಿಡುವವರೆಗೂ ಅಲ್ಲೇ ಇತ್ತು. ಅವನೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.